ಒಂದನೇ ಬೊಗಸೆ

"ಸಹಿ ಹಾಕಲ್ಲ ಅಂದರೆ ಹಾಕಲ್ಲ. ಆ ಕಾಗದ ಮಡಚಿ ಒಲೆಗಿಡು!"

"ಮೆತ್ತಗೆ ಮಾತಾಡು ಘೇವರ್ ಕಾಕಾ. ಹೊರಗೆ ಜನ ಇದಾರೆ."

"ಇರಲಿ, ಕೇಳಲಿ. ಪುಡಿ ಕೆಟ್ಟಿತ್ತು ಅಂತ ನನ್ನ ಬಾಯಲ್ಲಿ ಹೇಳಿಸ್ತೀಯಾ? ನನ್ನ ಕೈಯಾರೆ ಜರಡಿ ಹಿಡಿದ ಪುಡಿ ಅದು. ರವೆ ಉದುರಿದ ಹಾಗೆ ಉದುರ್ತಿತ್ತು. ಹನ್ನೊಂದು ಡಬ್ಬಿಯಲ್ಲಿ ಒಂದು ಗಂಟು ಸಿಗಲಿಲ್ಲ. ಕೆಟ್ಟಿರೋದು ಪುಡಿ ಅಲ್ಲ ಮಹಿಪಾಲ್, ನಿನ್ನ ನಾಲಿಗೆ."

ಈಗ ಕಾರ್ಖಾನೆ ನೋಡಿಕೊಳ್ಳುವ ಮಹಿಪಾಲ್ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ, ಕುಡಿಯದೆ ಹಾಗೇ ಕುಕ್ಕಿದ. ನೀರು ಚೆಲ್ಲಿ ಕಾಗದದ ಅಂಚು ನೆನೆಯಿತು.

"ಮರ್ಯಾದೆ ಕೊಟ್ಟು ಕಾಕಾ ಅಂತೀನಿ. ಅದನ್ನ ತಲೆ ಮೇಲೆ ಇಟ್ಕೊಂಡು ಕುಣೀಬೇಡ. ನಾಳೆ ಹನ್ನೊಂದಕ್ಕೆ ವಿಚಾರಣೆ ಕಮಿಟಿ ಬರುತ್ತೆ. ಪುಡಿ ತೇವ ಹಿಡಿದಿತ್ತು, ಗನ್ ಮೂರು ಸಲ ಕಟ್ಟಿಕೊಳ್ತು, ಆಗಲೇ ನಾನು ಹೇಳಿದ್ದೆ. ಮೂರು ಸಾಲು. ಅಷ್ಟು ಹೇಳೋಕೆ ನಿನ್ನ ಗಂಟಲಲ್ಲಿ ಏನು ಮುಳ್ಳು ಸಿಕ್ಕಿದೆ?"

"ಟೇಕ್‌ರಾಮ್ ಸಿಕ್ಕಿದಾನೆ."

ಮಹಿಪಾಲ್ ಮುಖ ತಿರುಗಿಸಿದ. ಆ ಹೆಸರು ಈ ಕೋಣೆಯಲ್ಲಿ ಎರಡು ತಿಂಗಳಿನಿಂದ ಯಾರೂ ಎತ್ತಿರಲಿಲ್ಲ. 'ಆ ಘಟನೆ' ಅನ್ನುತ್ತಿದ್ದರು. ಸತ್ತವನ ಹೆಸರು ಹೇಳದಿದ್ದರೆ ಅವನು ಸತ್ತೇ ಇಲ್ಲವೇನೋ ಅನ್ನುವ ಹಾಗೆ.

ಘೇವರ್‌ರಾಮ್ ಬಾಗಿಲು ದಬ್ಬಿ ಹೊರಗೆ ಬಂದ. ಕಾರ್ಖಾನೆಯ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತಿದ್ದವರೆಲ್ಲ ಒಮ್ಮೆಲೇ ಲೋಟದೊಳಗೆ ನೋಡತೊಡಗಿದರು. ಕೇಳಿಸಿರುತ್ತದೆ, ಕೇಳಿಸದೆ ಏನು. ಘೇವರನ ಪಿಸುಮಾತೇ ಎರಡು ಮನೆ ದಾಟುತ್ತಿತ್ತು. ಇಪ್ಪತ್ತಾರು ವರ್ಷ ಜೋಧಪುರದ ಬಾಸನಿಯ ಈ ಷೆಡ್ಡಿನಲ್ಲಿ ಗನ್ ಹಿಡಿದು ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಆ ಗನ್ನಿನದು ಅಂಥಾ ಸದ್ದು. ಸೀಮೆಎಣ್ಣೆಯನ್ನೂ ಆಮ್ಲಜನಕವನ್ನೂ ಒಟ್ಟಿಗೆ ಉರಿಸಿ, ಆ ಜ್ವಾಲೆಯೊಳಗೆ ಲೋಹದ ಪುಡಿ ಸುರಿಯಬೇಕು. ಪುಡಿಯ ಕಣ ಕಾದು ಮೆತ್ತಗಾಗಿ, ಪಿಸ್ತೂಲಿನ ಗುಂಡಿಗಿಂತ ಜೋರಾಗಿ ಹೋಗಿ, ಉಕ್ಕಿಗೆ ಬಡಿದು ಸಜ್ಜೆರೊಟ್ಟಿ ತಟ್ಟಿದಂತೆ ಚಪ್ಪಟೆಯಾಗುತ್ತದೆ. ಒಂದರ ಮೇಲೊಂದು, ಒಂದರ ಮೇಲೊಂದು. ಕೊನೆಗೆ ನಾಲ್ಕು ಕೂದಲೆಳೆ ದಪ್ಪದ ಒಂದು ಕವಚ. ಅಷ್ಟೇ. ಆದರೆ ಹಿಮಾಚಲದ ಹೊಳೆಗಳು ಮಳೆಗಾಲದಲ್ಲಿ ನೀರಿನ ಜೊತೆ ಬೆಟ್ಟವನ್ನೇ ಪುಡಿ ಮಾಡಿ ತರುತ್ತವೆ. ಆ ಮರಳು ವಿದ್ಯುತ್ ತೆಗೆಯುವ ನೀರಿನ ಚಕ್ರದ ಉಕ್ಕನ್ನು ಇಲಿ ಸಾಬೂನು ಕಡಿದಂತೆ ಕಡಿಯುತ್ತದೆ. ಮಧ್ಯೆ ನಿಲ್ಲುವುದು ಆ ನಾಲ್ಕು ಕೂದಲೆಳೆ ಮಾತ್ರ.

ಅಂಥ ಒಂದು ಚಕ್ರ ಜುಲೈ ತಿಂಗಳಲ್ಲಿ ಕುಲ್ಲುವಿನ ಮೇಲಿನ ಒಂದು ಪವರ್ ಹೌಸಿನಲ್ಲಿ ಒಡೆದಿತ್ತು. ಚಕ್ರದ ಸುತ್ತ ಇಪ್ಪತ್ತೊಂದು ಬೊಗಸೆ. ಎರಡು ಅಂಗೈ ಜೋಡಿಸಿ ನೀರು ಹಿಡಿದ ಹಾಗೆ ಇರುತ್ತವೆ, ಅದಕ್ಕೇ ಷೆಡ್ಡಿನಲ್ಲಿ ಆ ಹೆಸರು. ಅದರಲ್ಲಿ ಒಂದನೇ ಬೊಗಸೆ ಬುಡದಲ್ಲಿ ಬಿರುಕು ಬಿಟ್ಟು, ಓಡುತ್ತಿರುವಾಗಲೇ ಕಿತ್ತು, ಮೇಲಿನ ಉಕ್ಕಿನ ಮುಚ್ಚಳ ಸೀಳಿಕೊಂಡು ಹೊರಗೆ ಹಾರಿತು. ಎಂಟು ಹೆಜ್ಜೆ ದೂರದಲ್ಲಿ ಟೇಕ್‌ರಾಮ್ ನಿಂತಿದ್ದ, ಒತ್ತಡದ ಮಾಪಕ ನೋಡುತ್ತ. ವಯಸ್ಸು ಮೂವತ್ತೊಂದು. ಅವನನ್ನು ಗುರುತಿಸಿದ್ದು ಕೈಗಡಿಯಾರ ನೋಡಿ.

ಘೇವರನಿಗೆ ಅವನು ಬರೀ ಹೆಸರಲ್ಲ. ಮಾರ್ಚಿನಲ್ಲಿ ಚಕ್ರ ಕೂಡಿಸಲು ಹೋದಾಗ ಎಂಟು ದಿನ ಅವನ ಮನೆಯಲ್ಲೇ ಊಟ. ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಸಿಡ್ಡು, ಅದರ ಮೇಲೆ ಕೈ ತುಂಬ ತುಪ್ಪ. "ಚಾಚಾ, ಮರುಭೂಮಿಯವರು ನೀವು. ನೀರಿನ ಚಕ್ರದ ವಿಷಯ ನಿಮಗೇನು ಗೊತ್ತು?" ಎಂದು ರೇಗಿಸುತ್ತಿದ್ದ. ಒಂದು ದಿನ ಚಕ್ರದ ಮೇಲೆ ಕೈಯಾಡಿಸಿ ಕೇಳಿದ್ದ, "ಈ ಲೇಪ ಎಷ್ಟು ವರ್ಷ ಬರುತ್ತೆ?" ಘೇವರ್ ಎದೆ ಉಬ್ಬಿಸಿ ಹೇಳಿದ್ದ, "ನೀನು ರಿಟೈರ್ ಆಗೋವರೆಗೂ ಇದರ ಮುಖ ನೋಡಬೇಕಾಗಿಲ್ಲ ಮಗಾ."

ನಾಲ್ಕು ತಿಂಗಳು ಬಂತು.

ಅದು ಹೊಸ ಲೇಪ. ಅಲ್ಲಿಯವರೆಗೆ ಷೆಡ್ಡಿನಲ್ಲಿ ಹೊಡೆಯುತ್ತಿದ್ದದ್ದು ಕಾರ್ಬೈಡ್. ಕಲ್ಲಿನಂತೆ ಗಟ್ಟಿ, ಕಲ್ಲಿನಂತೆಯೇ ಚಕ್ಕೆ ಏಳುವ ಗುಣ. ಹೊಳೆಯಲ್ಲಿ ಗುಂಡುಕಲ್ಲು ಬಂದು ಬಡಿದರೆ ಗಾಜಿನ ಹಾಗೆ ಸಿಡಿಯುತ್ತಿತ್ತು. ಊರಿನ ಪ್ರಯೋಗಶಾಲೆಯ ಡಾಕ್ಟರ್ ಸುಲೋಚನಾ ಬೋಹರಾ ಒಂಬತ್ತು ವರ್ಷ ಕೂತು ಬೇರೆಯದೇ ಪುಡಿ ಮಾಡಿದ್ದರು. ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂ, ಐದೂ ಸಮಪಾಲು. "ಹಳೇ ಮಿಶ್ರಲೋಹದಲ್ಲಿ ಒಂದು ಯಜಮಾನ, ಉಳಿದದ್ದು ಆಳು. ಇದರಲ್ಲಿ ಯಾರೂ ಯಜಮಾನ ಅಲ್ಲ. ಐದೂ ಒಂದನ್ನೊಂದು ಹಿಡಿದುಕೊಂಡು ನಿಲ್ತವೆ. ಗಟ್ಟಿ ಇರುತ್ತೆ, ಏಟು ಬಿದ್ದರೆ ಸಿಡಿಯೋ ಬದಲು ತಾಳಿಕೊಳ್ಳುತ್ತೆ, ತುಕ್ಕೂ ಹಿಡಿಯಲ್ಲ," ಎಂದು ಮೊದಲ ದಿನ ಷೆಡ್ಡಿನಲ್ಲಿ ನಿಂತು ವಿವರಿಸಿದ್ದರು. ಲೇಪಕ್ಕೆ ಮುಂಚೆ ಗಾಳಿಯ ರಭಸದಲ್ಲಿ ಒರಟು ಹರಳು ಹೊಡೆದು ಉಕ್ಕನ್ನು ಚೊಕ್ಕ ಮಾಡುವ ಓಮಾರಾಮ್ ಹಿಂದಿನಿಂದ ಕೂಗಿದ್ದ, "ಬಾಯಿಸಾ, ಐದು ಬೇಳೆ ಸಮಪಾಲು ಅಂದ್ರೆ ಪಂಚಮೇಲ್ ದಾಲ್ ಆಯ್ತು. ಒಗ್ಗರಣೆ ಯಾವಾಗ?" ಡಾಕ್ಟರೂ ನಕ್ಕಿದ್ದರು. ಅಂದಿನಿಂದ ಅದು ಪಂಚಮೇಲ್.

ಆ ಪಂಚಮೇಲನ್ನು ಘೇವರ್ ಹೊಡೆದು ನೋಡಿದ್ದ. ಚಕ್ರದ ಜೊತೆಗೇ ಚಿಕ್ಕ ಚಿಕ್ಕ ಉಕ್ಕಿನ ಬಿಲ್ಲೆಗಳಿಗೂ ಅದೇ ಕೈಯಲ್ಲಿ ಅದೇ ಲೇಪ ಹೊಡೆದು, ಅವಕ್ಕೆ ಅಂಟು ಹಾಕಿ ಯಂತ್ರದಲ್ಲಿ ಎಳೆಯುವುದು ಪದ್ಧತಿ. ಎಳೆದರು. ಅಂಟು ಕಿತ್ತುಬಂತು, ಲೇಪ ಬರಲಿಲ್ಲ. ಆರು ಬಿಲ್ಲೆಗೆ ಆರೂ ಹಾಗೇ. ಅಂಥ ಪುಡಿಯನ್ನು ಕೆಟ್ಟದ್ದು ಅನ್ನಬೇಕಂತೆ! ಇವನು ಅನ್ನಬೇಕಂತೆ!

ಕೆಟ್ಟದ್ದು ಏನು ಅಂತ ಘೇವರನಿಗೆ ಗೊತ್ತಿತ್ತು. ಟೇಕ್‌ರಾಮ್ ಸತ್ತ ಸುದ್ದಿ ಬಂದ ದಿನವೇ, 'ಯಾವ ಬೊಗಸೆ?' ಎಂದು ಕೇಳಿದ್ದ. 'ಒಂದನೆಯದು' ಎಂದರು. ಅಲ್ಲೇ ಪುಡಿಯ ಡಬ್ಬಿಯ ಮೇಲೆ ಕುಸಿದು ಕೂತಿದ್ದ.

ಕಾರ್ಖಾನೆ ಕಟ್ಟಿದವರು ಮಹಿಪಾಲನ ಅಪ್ಪ ಜೇಠಮಲ್‌ಜಿ. ಎಲ್ಲರಿಗೂ ಬಾಸಾ. ಎಪ್ಪತ್ತೆಂಟು ವರ್ಷ. ಸುಥಾರ ಜಾತಿಯ ಬಡಗಿ, ಮರ ಬಿಟ್ಟು ಲೋಹ ಹಿಡಿದವರು. ಘೇವರನ ಕೈಗೆ ಮೊದಲ ಸಲ ಗನ್ ಕೊಟ್ಟವರು ಅವರೇ. "ಲೇಪ ಅಂಟೋದಲ್ಲ ಘೇವರಿಯಾ, ಕಚ್ಚೋದು," ಎನ್ನುತ್ತಿದ್ದರು. "ಹರಳು ಹೊಡೆದಾಗ ಉಕ್ಕಿನ ಮೇಲೆ ಸಣ್ಣ ಸಣ್ಣ ಗುಂಡಿ ಏಳ್ತವೆ. ಲೇಪ ಅವುಗಳಲ್ಲಿ ಹಲ್ಲು ಇಟ್ಟು ಕಚ್ಚುತ್ತೆ. ಆ ಗುಂಡಿಯಲ್ಲಿ ಜಿಡ್ಡು ಕೂತರೆ ಹಲ್ಲು ಜಾರುತ್ತೆ." ಕೆಲಸ ಕಲಿಯುವ ಮೊದಲ ವಾರ ಘೇವರ್ ಹರಳು ಹೊಡೆದ ಒಂದು ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಿದ್ದಕ್ಕೆ ಬಾಸಾ ಕೆನ್ನೆಗೆ ಬಾರಿಸಿದ್ದರು. ಬೆವರಿನ ಜಿಡ್ಡೂ ಸಾಕು ಲೇಪ ಏಳಿಸಲು. ಆ ಏಟು ಘೇವರ್ ಎಂದೂ ಮರೆಯಲಿಲ್ಲ, ಮತ್ತೆ ಎಂದೂ ಮುಟ್ಟಲಿಲ್ಲ.

ಹಾಗಿದ್ದೂ ಬಾಸಾ ಪ್ರತಿ ದೊಡ್ಡ ಕೆಲಸಕ್ಕೂ ಒಂದು ಪೂಜೆ ಮಾಡುತ್ತಿದ್ದರು. ಭೈರೂಜಿಗೆ ಬಳಿಯುವ ಸಿಂಧೂರವನ್ನು ತುಪ್ಪದಲ್ಲಿ ಕಲಸಿ, ಕೆಲಸಕ್ಕೆ ಬಂದ ವಸ್ತುವಿನ ಮೇಲೆ ಹೆಬ್ಬೆರಳಿನಿಂದ ಸ್ವಸ್ತಿಕ ಬರೆದು, ಕೆಂಪು ದಾರ ಕಟ್ಟಿ, ಎಲ್ಲರಿಗೂ ಬೆಲ್ಲ ಹಂಚಿ ಮನೆಗೆ ಹೋಗುತ್ತಿದ್ದರು. ಆಮೇಲೆ ಓಮಾರಾಮ್ ದಾರ ಬಿಚ್ಚಿ, ಹರಳು ಹೊಡೆದು, ಸಿಂಧೂರವನ್ನೂ ತುಪ್ಪವನ್ನೂ ಒಂದು ಚುಕ್ಕೆ ಬಿಡದೆ ಹಾರಿಸುತ್ತಿದ್ದ. ಆಮೇಲೆ ಗನ್ನು. ದೇವರಿಗೂ ಸಂತೋಷ, ಉಕ್ಕಿಗೂ ಸಂತೋಷ. ಮೂವತ್ತು ವರ್ಷ ಹಾಗೇ ನಡೆದಿತ್ತು.

ಪಂಚಮೇಲ್ ಚಕ್ರದ ದಿನ ಕ್ರಮ ತಪ್ಪಿತು. ಪವರ್ ಹೌಸಿನಿಂದ ಬಂದ ಪರೀಕ್ಷಕನಿಗೆ ಮಧ್ಯಾಹ್ನ ವಿಮಾನ. ಬೆಳಗ್ಗೆ ಏಳಕ್ಕೇ ಹರಳು ಹೊಡೆಸಿ, ಕನ್ನಡಿ ಹಿಡಿದು ಬೊಗಸೆ ಬೊಗಸೆಯನ್ನೂ ನೋಡಿ, ಸರಿ ಎಂದು ಸಹಿ ಹಾಕಿದ. ಬಾಸಾ ಅವರ ಪಂಚಾಂಗದಲ್ಲಿ ಮುಹೂರ್ತ ಒಂಬತ್ತೂ ನಲವತ್ತಕ್ಕೆ. ಹೊಸ ಧೋತಿ, ತಲೆಗೆ ಕೇಸರಿ ಪೇಟ, ಕೈಯಲ್ಲಿ ತಟ್ಟೆ. ಬಂದವರೇ ಸೀದಾ ಹೋಗಿ, ಒಂದು ಎಂದು ಸುಣ್ಣದಲ್ಲಿ ಬರೆದಿದ್ದ ಬೊಗಸೆಯ ನಟ್ಟನಡುವೆ ಹೆಬ್ಬೆರಳು ಊರಿದರು. ತುಪ್ಪದ ಸಿಂಧೂರ. ಹರಳು ಹೊಡೆದ ಬೂದುಬಣ್ಣದ ಉಕ್ಕಿನ ಮೇಲೆ ಕೆಂಪು ಗಾಯದ ಹಾಗೆ ಕಂಡಿತು. ಆಮೇಲೆ ಅಂಗೈಯಿಂದ ತಟ್ಟಿದರು, ಹಸುವಿನ ಬೆನ್ನು ತಟ್ಟಿದಂತೆ.

ಓಮಾರಾಮ್ ಘೇವರನ ಮುಖ ನೋಡಿದ. ಘೇವರ್ ಓಮಾರಾಮನ ಮುಖ ನೋಡಿದ. ಒಂದು ಬೊಗಸೆಗೆ ಮತ್ತೆ ಹರಳು ಹೊಡೆಯಲು ಕಾಲು ಗಂಟೆ. ಬಾಸಾ ಮನೆಗೆ ಹೋಗಲಿ, ಆಮೇಲೆ ಹೊಡೆದರಾಯಿತು ಎಂದು ಇಬ್ಬರೂ ಕಾದರು. ಬಾಸಾ ಹೋಗಲಿಲ್ಲ. "ಇವತ್ತು ನೋಡಿಕೊಂಡೇ ಹೋಗೋದು. ಹೊಸ ಲೋಹ. ಕುರ್ಚಿ ತಾರೋ," ಎಂದು ಗಾಜಿನ ಕಿಟಕಿಯ ಹೊರಗೆ ಕೂತರು. ಅವರ ಕಣ್ಣೆದುರು ಭೈರೂಜಿಯ ಗುರುತಿಗೆ ಹರಳು ಹೊಡೆಯುವುದು? ಪರೀಕ್ಷಕ ಗಡಿಯಾರ ನೋಡುತ್ತಿದ್ದ. ಮಹಿಪಾಲ್ 'ಏನು ನಿಂತಿದೀರಾ' ಎಂದು ಕೈ ಬೀಸುತ್ತಿದ್ದ. ಘೇವರ್ ಒಳಗೆ ಹೋದ, ಬಾಗಿಲು ಹಾಕಿಕೊಂಡ, ಕಿಟಕಿಗೆ ಬೆನ್ನು ಮಾಡಿ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಆ ಗುರುತನ್ನು ಒರೆಸಿದ. ಕೆಂಪು ಹೋಯಿತು. ಕಣ್ಣಿಗೆ ಏನೂ ಉಳಿಯಲಿಲ್ಲ. ಒರೆಸಿದರೆ ಜಿಡ್ಡು ಹೋಗುವುದಿಲ್ಲ, ಗುಂಡಿಗುಂಡಿಗೂ ಹರಡಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಮುಖಕ್ಕೆ ಮುಖವಾಡ ಏರಿಸಿ, ಒಂದು ಗೇಣು ನಾಲ್ಕು ಬೆರಳು ದೂರ ಹಿಡಿದು, ಗನ್ ಹಚ್ಚಿದ.

ಅದು ಮೊದಲ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು. ಬಾಸಾ ಅವರಿಗೆ ಕಿಟಕಿಯ ಹೊರಗಿನ ಕುರ್ಚಿ ರುಚಿಸಿಬಿಟ್ಟಿತು. ಆಮೇಲೆ ಬಂದ ನಾಲ್ಕು ಚಕ್ರಗಳಿಗೂ, ಅವೆಲ್ಲ ಹಳೆಯ ಕಾರ್ಬೈಡಿನವು, ಹರಳು ಹೊಡೆದ ಮೇಲೆಯೇ ಬಂದು ಹೆಬ್ಬೆರಳು ಊರಿ ಕೂತರು. ಮೊದಲನೆಯದು ಪವರ್ ಹೌಸಿನಲ್ಲಿ ಚೆನ್ನಾಗಿ ಓಡುತ್ತಿದೆ ಎಂಬ ಸುದ್ದಿ ಬರುತ್ತಿತ್ತು. ಹಾಗಾದರೆ ಒರೆಸಿದ್ದು ಸಾಕಾಯಿತು ಎಂದು ಘೇವರ್ ತನಗೆ ತಾನೇ ಹೇಳಿಕೊಂಡ. ಭೈರೂಜಿಯ ದಯೆ ಎಂದೂ ಹೇಳಿಕೊಂಡ. ನಾಲ್ಕಕ್ಕೂ ಒರೆಸಿದ, ನಾಲ್ಕಕ್ಕೂ ಹೊಡೆದ. ಅದು ಮಳೆ ಬೀಳುವ ಮುಂಚಿನ ಮಾತು. ಹೊಳೆ ಇನ್ನೂ ತಿಳಿಯಾಗಿತ್ತು. ಮರಳು ಬಂದಿರಲಿಲ್ಲ.

ಈಗ ಆ ನಾಲ್ಕೂ ನಾಲ್ಕು ಕಣಿವೆಗಳಲ್ಲಿ ತಿರುಗುತ್ತಿವೆ. ಒಂದೊಂದರ ಮುಂದೆಯೂ ಒಬ್ಬೊಬ್ಬ ಟೇಕ್‌ರಾಮ್ ನಿಂತಿದ್ದಾನೆ. ಪುಡಿ ಕೆಟ್ಟಿತ್ತು ಎಂದು ಕಮಿಟಿ ಬರೆದರೆ ಪಂಚಮೇಲ್ ಮೂಲೆಗೆ ಬೀಳುತ್ತದೆ, ಕಾರ್ಬೈಡಿನ ಆ ನಾಲ್ಕು ಚಕ್ರವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಮಹಿಪಾಲನ ಮೂರು ಸಾಲಿನ ಅರ್ಥ ಇಷ್ಟು.

ಅಂಗಳ ದಾಟುವಾಗ ಓಮಾರಾಮ್ ಓಡಿಬಂದು ತೋಳು ಹಿಡಿದ. ಇಬ್ಬರೂ ಹದಿನೆಂಟು ವರ್ಷ ಜೊತೆಗೆ ದುಡಿದವರು, ಒಂದೇ ಡಬ್ಬಿಯಲ್ಲಿ ಉಂಡವರು.

"ಯಾಕಣ್ಣ ಹೊತ್ತಿಕೊಂಡು ಉರೀತಿದೀಯಾ? ಮೂರು ಸಾಲು ಹಾಕಿ ಬಿಸಾಕು. ಪುಡಿ ಬಾಯಿಲ್ಲದ್ದು, ಬೈಸಿಕೊಂಡರೆ ಅಳಲ್ಲ."

"ನಿನ್ನನ್ನ ಕೇಳಿದರೆ ಏನು ಹೇಳ್ತೀಯಾ?"

"ನನ್ನನ್ನ ಯಾರು ಕೇಳ್ತಾರೆ? ಹರಳು ಹೊಡೆಯೋನು, ಧೂಳು ನನ್ನ ಬಾಯಿ ತುಂಬ."

"ನಾನು ಕೇಳಿಸ್ತೀನಿ."

ಓಮಾರಾಮ್ ತೋಳು ಬಿಟ್ಟ. "ಬೇಡ," ಎಂದ. "ನಿನಗೆ ಕೈಮುಗೀತೀನಿ, ಬೇಡ."

ಮನೆಯಲ್ಲಿ ಹೆಂಡತಿ ಸುಗನಿ ಕೇರ್-ಸಾಂಗರಿ ಪಲ್ಯದ ಮುಂದೆ ಕೂರಿಸಿ, ಗಂಡ ಎರಡು ರೊಟ್ಟಿ ಮುರಿದು ಒಂದೂ ತಿನ್ನದಿದ್ದದ್ದನ್ನು ನೋಡಿದಳು. ಅವನ ಬಲಗಿವಿಯ ಬದಿಗೆ ಬಂದು ಕೂತಳು, ಅಲ್ಲಾದರೆ ಕೇಳಿಸುತ್ತದೆ.

"ಏನಂತೆ?"

ಹೇಳಿದ. ಎಲ್ಲವನ್ನೂ. ಸಿಂಧೂರ, ಹತ್ತಿ, ನಾಲ್ಕು ಚಕ್ರ. ಎಂಟು ತಿಂಗಳಿನಿಂದ ಹೆಂಡತಿಗೂ ಹೇಳಿರಲಿಲ್ಲ. ಸುಗನಿ ಎದ್ದು ಒಲೆಯ ಮೇಲಿದ್ದ ರೊಟ್ಟಿಯ ಹಂಚನ್ನು ಇಳಿಸಿ ಬಂದಳು.

"ಆ ಹುಡುಗನಿಗೆ ಹೆಂಡತಿ ಇದಾಳಾ?"

"ಇದಾಳೆ. ಸಿಡ್ಡು ಮಾಡಿ ಬಡಿಸ್ತಿದ್ದಳು."

"ಹೇಳಿದರೆ ನಿನ್ನನ್ನೂ ಹಿಡೀತಾರಲ್ಲ. ಒರೆಸಿದ್ದು ನೀನು."

"ಹಿಡೀಲಿ."

"ಬಾಸಾ?"

ಬಾಸಾ ಅವನ ಮದುವೆಗೆ ಪೇಟ ಸುತ್ತಿದವರು. ಸುಗನಿಗೆ ಟೈಫಾಯ್ಡ್ ಬಂದಾಗ ಆಸ್ಪತ್ರೆಯ ಬಾಗಿಲಲ್ಲಿ ಎರಡು ಹಗಲು ಕೂತವರು. ಆ ಮುದುಕನ ಹೆಬ್ಬೆರಳು ಒಬ್ಬ ಮನುಷ್ಯನನ್ನು ಕೊಂದಿತು ಎಂದು ಹೇಳಬೇಕು.

"ಬೆಂಕಿ ಉಗುಳಿ ಉಗುಳಿ ಕಿವಿ ಕಳ್ಕೊಂಡೆ," ಎಂದಳು ಸುಗನಿ. "ಬಾಯಾದರೂ ಉಳಿದಿದೆ. ಬಳಸು. ಈಗ ತಿನ್ನು, ರೊಟ್ಟಿ ಏನು ಪಾಪ ಮಾಡಿದೆ."

ಮರುದಿನ ಕಮಿಟಿ ಬಂತು. ಮೂರು ಜನ. ಅಧ್ಯಕ್ಷರು ಹಿಮಾಚಲದ ಬೆಟ್ಟಸೀಮೆ ಕಿನ್ನೌರಿನ ನೇಗಿ ಸಾಹೇಬರು, ನಿವೃತ್ತ ಇಂಜಿನಿಯರ್, ಸೆಖೆಗೆ ಮುಖ ಕೆಂಪಾಗಿ ಪದೇ ಪದೇ ಕತ್ತು ಒರೆಸಿಕೊಳ್ಳುತ್ತಿದ್ದರು. ಉಳಿದಿಬ್ಬರು ಬರೆದುಕೊಳ್ಳುವವರು. ಮಹಿಪಾಲ್ ಅವರ ಮುಂದೆ ಮಿರ್ಚಿ ಬಡಾ, ಪಾಕದಲ್ಲಿ ಅದ್ದಿದ ಮಾವಾ ಕಚೋರಿ, ಮಜ್ಜಿಗೆ ಜೋಡಿಸಿದ್ದ. ಮೂಲೆಯ ಮೆತ್ತನೆ ಕುರ್ಚಿಯಲ್ಲಿ ಬಾಸಾ, ಕೇಸರಿ ಪೇಟದಲ್ಲಿ. ಎದುರಿಗೆ ಡಾಕ್ಟರ್ ಸುಲೋಚನಾ, ತೊಡೆಯ ಮೇಲೆ ಒಂದು ಕಡತ. ಮೇಜಿನ ನಡುವೆ ಗೋಣಿಯ ಮೇಲೆ ಆ ಮುರಿದ ಬೊಗಸೆ. ಅದರ ಹೊಟ್ಟೆಯಲ್ಲಿ ಅಂಗೈಯಷ್ಟು ಜಾಗ ಬೋಳು. ಬೋಳಿನ ಅಂಚಿನಲ್ಲಿ ಮರಳು ಕೊರೆದು ಹಳ್ಳ ಬಿದ್ದಿತ್ತು, ಹಳ್ಳದಿಂದ ಹೊರಟ ಬಿರುಕು ಬುಡದವರೆಗೆ. ಉಳಿದೆಡೆ ಪಂಚಮೇಲ್ ಮಳೆಗಾಲದ ಅರ್ಧ ಮರಳು ತಿಂದರೂ ಹಾಗೇ ಹೊಳೆಯುತ್ತಿತ್ತು.

ಡಾಕ್ಟರ್ ಮೊದಲು ಮಾತಾಡಿದರು. "ಬೋಳಾದ ಜಾಗದ ಉಕ್ಕಿನಲ್ಲಿ ನಮಗೆ ಸೀಸ ಸಿಕ್ಕಿದೆ. ನನ್ನ ಪುಡಿಯಲ್ಲಿ ಸೀಸ ಇಲ್ಲ. ಹೊಳೆಯ ಮರಳಲ್ಲೂ ಇಲ್ಲ. ಬೇರೆ ಬೊಗಸೆಗಳಲ್ಲೂ ಇಲ್ಲ. ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗ್ತಿಲ್ಲ."

"ಬೇರಿಂಗಿನ ಲೋಹದಲ್ಲಿ ಸೀಸ ಇರುತ್ತಲ್ಲ," ಎಂದ ಮಹಿಪಾಲ್, ಕಾದಿದ್ದವನಂತೆ. "ಚಕ್ರ ಒಡೆದಾಗ ಬೇರಿಂಗೂ ಸವೆದಿತ್ತು. ಹಾರಿ ಅಂಟಿರುತ್ತೆ."

ನೇಗಿ ಸಾಹೇಬರು ತಲೆಯಾಡಿಸಿದರು. "ಇರಬಹುದು. ಈಗ ಗನ್ ಹಿಡಿದವನು ಹೇಳಲಿ. ಪುಡಿ ಹೇಗಿತ್ತಪ್ಪಾ?"

ಘೇವರ್ ಎದ್ದು ನಿಂತ. "ಪುಡಿ ಚಿನ್ನದಂಥಾದ್ದು ಸಾಹೇಬ್ರೇ. ಆ ಸೀಸ ಬೇರಿಂಗಿನದ್ದಲ್ಲ. ಸಿಂಧೂರದ್ದು. ಸಿಂಧೂರ ಮಾಡೋದೇ ಸೀಸ ಸುಟ್ಟು."

ಮಹಿಪಾಲ್ "ಕಾಕಾ!" ಎಂದ. ಘೇವರ್ ಅವನತ್ತ ನೋಡಲೇ ಇಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಏಳು ಗಂಟೆಯ ಹರಳು, ಒಂಬತ್ತೂ ನಲವತ್ತರ ಮುಹೂರ್ತ, ಹೆಬ್ಬೆರಳು, ಕಿಟಕಿಯ ಹೊರಗಿನ ಕುರ್ಚಿ, ಅಸಿಟೋನಿನ ಹತ್ತಿ. "ಒರೆಸಿದ್ದು ನಾನು. ಮತ್ತೆ ಹರಳು ಹೊಡೆಸದೆ ಲೇಪ ಹೊಡೆದದ್ದೂ ನಾನು. ಹೊಡೆಸಬೇಕಿತ್ತು, ಹೆದರಿದೆ. ನನಗೆ ಏನು ಬೇಕಾದರೂ ಮಾಡಿ. ಆದರೆ ಇನ್ನೂ ನಾಲ್ಕು ಚಕ್ರ ಹೋಗಿವೆ. ಅವಕ್ಕೂ ಹೀಗೇ ಆಗಿದೆ. ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಒಂದನೇ ಬೊಗಸೆ ನೋಡಿ. ಬರೀ ಒಂದನೇ ಬೊಗಸೆ ನೋಡಿ ಸಾಕು."

ಡಾಕ್ಟರ್ ಸುಲೋಚನಾ ಕಡತ ಮುಚ್ಚಿ ಘೇವರನನ್ನೇ ನೋಡುತ್ತಿದ್ದರು. "ಎರಡು ತಿಂಗಳಿಂದ ಹುಡುಕ್ತಿದೀನಿ ಕಾಕಾಸಾ," ಎಂದರು. "ನಿಮ್ಮನ್ನೇ ಬಂದು ಕೇಳಿದ್ದೆ, ಸೀಸ ಎಲ್ಲಿಂದ ಬರಬಹುದು ಅಂತ. ಗೊತ್ತಿಲ್ಲ ಅಂದ್ರಿ."

"ಅಂದೆ ಬಾಯಿಸಾ. ಸುಳ್ಳು ಹೇಳಿದೆ."

ಬರೆದುಕೊಳ್ಳುತ್ತಿದ್ದವನು ಪೆನ್ನು ಎತ್ತಿ ಅಧ್ಯಕ್ಷರ ಮುಖ ನೋಡಿದ. ನೇಗಿ ಸಾಹೇಬರು ಕತ್ತು ಒರೆಸಿಕೊಂಡರು. "ಏನಂತ ಬರೆಸಲಿ? ಪೂಜೆ ಮಾಡಿದ್ದಕ್ಕೆ ಬೊಗಸೆ ಮುರೀತು ಅಂತಲಾ? ನಾನೂ ಪವರ್ ಹೌಸಲ್ಲಿ ಮೂವತ್ತೈದು ವರ್ಷ ಇದ್ದವನು. ಪೂಜೆ ಮಾಡದೆ ಒಂದು ಚಕ್ರ ತಿರುಗಿಸಿಲ್ಲ."

"ಪೂಜೆಗೆ ಅಲ್ಲ ಸಾಹೇಬ್ರೇ ಮುರಿದದ್ದು. ತುಪ್ಪಕ್ಕೆ!"

"ಕಿರುಚಬೇಡಿ."

"ನನ್ನ ದನಿಯೇ ಹೀಗೆ. ಚಕ್ರ ನಿಲ್ಲಿಸ್ತೀರೋ ಇಲ್ವೋ ಅದನ್ನ ಹೇಳಿ."

ನೇಗಿ ಸಾಹೇಬರು ಮೂಲೆಯತ್ತ ತಿರುಗಿ, ಹಿರಿಯರ ಮುಂದೆ ದನಿ ಇಳಿಸಿ ಕೇಳಿದರು. "ಯಜಮಾನರೇ, ನೀವು ಹೇಳಿ. ಹರಳು ಹೊಡೆದ ಮೇಲೆ ನೀವು ಸಿಂಧೂರ ಹಚ್ಚಿದ್ದು ನಿಜವಾ?"

ಘೇವರ್ ಆ ತುಟಿಗಳನ್ನೇ ನೋಡಿದ. ಹೌದು ಎನ್ನುತ್ತಾರೆ. ಮಹಿಪಾಲ್ ಸುಳ್ಳ, ಇರಲಿ, ಬಾಸಾ ಸುಳ್ಳು ಹೇಳುವ ಮನುಷ್ಯರಲ್ಲ. ಒಂದು ಮಾತು ಅಂದುಬಿಟ್ಟರೆ ನಾಲ್ಕು ಚಕ್ರ ನಿಲ್ಲುತ್ತವೆ.

ಬಾಸಾ ನಕ್ಕರು. ಮಗುವಿನ ಮಾತು ಕೇಳಿದ ಹಾಗೆ.

"ಹರಳು ಹೊಡೆದ ಮೇಲೆ ನಾನು ಮುಟ್ಟೋದಾ? ನಾನಾ? ಅದನ್ನ ಮುಟ್ಟಿದ್ದಕ್ಕೆ ಇವನ ಕೆನ್ನೆಗೆ ಹೊಡೆದವನು ನಾನು, ಕೇಳಿ ಅವನನ್ನ. ಮೊದಲು ಭೈರೂಜಿ, ಆಮೇಲೆ ಹರಳು, ಆಮೇಲೆ ಗನ್ನು. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ."

ಘೇವರ್ ಆ ಕಣ್ಣುಗಳಲ್ಲಿ ಹುಡುಕಿದ. ಸುಳ್ಳು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಸುಳ್ಳನ್ನಾದರೆ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬಹುದು. ಮುದುಕ ಪೂರ್ತಿ ನಂಬಿದ್ದರು. ಮೂವತ್ತು ವರ್ಷದ ಅಭ್ಯಾಸ ಆ ಐದು ಬೆಳಗನ್ನು ನುಂಗಿ ನೀರು ಕುಡಿದಿತ್ತು.

"ಬಾಸಾ, ನೆನಪು ಮಾಡ್ಕೊಳ್ಳಿ," ಎಂದ ಘೇವರ್. ಅವನ ದನಿ ಮೊದಲ ಸಲ ಇಳಿದಿತ್ತು. "ಬಂದ ಪರೀಕ್ಷಕ ವಿಮಾನಕ್ಕೆ ಹೊರಟಿದ್ದ. ನೀವು ಕುರ್ಚಿ ಕೇಳಿದ್ರಿ. ಹೊಸ ಲೋಹ ನೋಡ್ತೀನಿ ಅಂದ್ರಿ."

"ಕುರ್ಚಿ ಕೇಳಿದ್ದೆ. ಕಾಲು ನೋವಲ್ಲವಾ. ಅದಕ್ಕೂ ಸಿಂಧೂರಕ್ಕೂ ಏನಪ್ಪಾ?"

ಓಮಾರಾಮನನ್ನು ಕರೆಸಿದರು. ಬಾಗಿಲ ಬಳಿಯೇ ನಿಂತ, ಚಪ್ಪಲಿ ಹೊರಗೆ ಬಿಟ್ಟು. ಹರಳು ಮೊದಲೋ ಪೂಜೆ ಮೊದಲೋ ಎಂದು ಕೇಳಿದರು. ಓಮಾರಾಮ್ ಬಾಸಾ ಅವರ ಪೇಟ ನೋಡಿದ, ಮಹಿಪಾಲನ ಕೈಬೆರಳು ನೋಡಿದ, ನೆಲ ನೋಡಿದ. ಘೇವರನನ್ನು ಮಾತ್ರ ನೋಡಲಿಲ್ಲ.

"ಪೂಜೆ ಮೊದಲು ಹುಜೂರ್. ಯಾವಾಗಲೂ ಹಾಗೇ."

"ಓಮಾ!" ಎಂದ ಘೇವರ್. "ನನ್ನ ಮುಖ ನೋಡಿ ಹೇಳೋ ಹೇಡಿ! ಹದಿನೆಂಟು ವರ್ಷ ನನ್ನ ಡಬ್ಬಿಯಲ್ಲಿ ಕೈ ಹಾಕಿದೀಯಾ!"

"ಪೂಜೆ ಮೊದಲು," ಎಂದು ಓಮಾರಾಮ್ ಮತ್ತೆ ಅಂದು, ಬರಿಗಾಲಲ್ಲೇ ಹೊರಗೆ ಹೋದ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತ.

ನೇಗಿ ಸಾಹೇಬರು ಈಗ ನಿರಾಳವಾಗಿ ಬರೆಸತೊಡಗಿದರು. ಹೊಸ ಐದು ಲೋಹದ ಪುಡಿಯ ಗುಣ ಸಂದೇಹಾಸ್ಪದ, ಮುಂದಿನ ಬಳಕೆ ನಿಲ್ಲಿಸತಕ್ಕದ್ದು. ಮೇಲ್ಮೈಯನ್ನು ತಾನು ತಪ್ಪಾಗಿ ಒರೆಸಿದ್ದಾಗಿ ಕೆಲಸಗಾರನೇ ಒಪ್ಪಿದ್ದಾನೆ. ಡಾಕ್ಟರ್ ಸುಲೋಚನಾ ಎದ್ದು, "ಒಂದು ಸಾಲಲ್ಲಿ ಪುಡಿ ತಪ್ಪು ಅಂತೀರಿ, ಮುಂದಿನ ಸಾಲಲ್ಲಿ ಮೇಲ್ಮೈ ತಪ್ಪು ಅಂತೀರಿ, ಯಾವುದು?" ಎಂದು ಕೇಳಿದರು. "ಎರಡೂ ಇರಲಿ ಬಿಡಿ ಮೇಡಂ," ಎಂದರು. ಒಂಬತ್ತು ವರ್ಷದ ಕೆಲಸ ಒಂದು 'ಇರಲಿ ಬಿಡಿ'ಯಲ್ಲಿ ಮುಗಿಯಿತು. ಡಾಕ್ಟರ್ ಕೂತರು. ಕಡತದ ದಾರ ಬಿಗಿದು ಗಂಟು ಹಾಕಿದರು.

"ನಾಲ್ಕು ಚಕ್ರ?" ಎಂದ ಘೇವರ್.

"ನಮ್ಮ ಕಮಿಟಿ ಒಂದು ಚಕ್ರದ ವಿಚಾರಣೆಗೆ ಬಂದದ್ದು. ಬೇರೆಯದು ನಮ್ಮ ವ್ಯಾಪ್ತಿಗೆ ಬರಲ್ಲ."

"ಒಂದೊಂದು ಫೋನ್ ಸಾಹೇಬ್ರೇ. ನಾಲ್ಕು ಫೋನ್. ನಾನು ಸುಳ್ಳಾದರೆ ಜೈಲಿಗೆ ಹಾಕಿ."

"ಹೊಳೆ ತುಂಬಿ ಹರಿಯೋ ಕಾಲ ಇದು. ಒಬ್ಬ ಗನ್ ಹಿಡಿಯೋನು ಹೇಳಿದ ಅಂತ ನಾಲ್ಕು ಪವರ್ ಹೌಸ್ ನಿಲ್ಲಿಸೋಕಾಗುತ್ತಾ? ಯಾರು ಜವಾಬ್ದಾರಿ ಹೊರ್ತಾರೆ?" ಅವರು ಕಚೋರಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಮುಂಗೈಗೆ ಸಕ್ಕರೆ ಪಾಕ ಅಂಟಿತು, ಒರೆಸಿಕೊಳ್ಳಲು ಬಟ್ಟೆ ಕೇಳಿದರು. ಮಹಿಪಾಲ್ ತಾನೇ ಎದ್ದು ಕೊಟ್ಟ.

ಬಾಸಾ ಕೈ ಚಾಚಿ ಘೇವರನನ್ನು ಕರೆದರು. ಅವನು ಹತ್ತಿರ ಹೋಗಿ ಬಗ್ಗಿದ. ಮುದುಕನ ಒಣ ಅಂಗೈ ಅವನ ಕೆನ್ನೆಯ ಮೇಲೆ ಕೂತಿತು.

"ಘೇವರಿಯಾ, ನಿನ್ನ ತಲೆಗೆ ಕಾವು ಹತ್ತಿದೆ. ನಾಲ್ಕು ದಿನ ಮನೆಯಲ್ಲಿರು. ಮಜ್ಜಿಗೆ ಕುಡಿ. ಆಮೇಲೆ ಬಾ. ಗನ್ನು ನಿನ್ನದೇ."

ಬಯ್ದಿದ್ದರೆ, ಹೊಡೆದಿದ್ದರೆ, ಘೇವರ್ ತಾಳುತ್ತಿದ್ದ. ಆ ಪ್ರೀತಿಯನ್ನು ತಾಳಲಾಗಲಿಲ್ಲ. ಅವರ ಕೈಯನ್ನು ಮೆಲ್ಲಗೆ ತೆಗೆದು ಅವರ ಮಡಿಲಲ್ಲಿಟ್ಟ. ಪಾದ ಮುಟ್ಟಿದ.

"ನನ್ನ ಕೈಯಲ್ಲಿ ಐದು ಚಕ್ರ ಹಾಳಾಯ್ತು ಬಾಸಾ," ಎಂದ. "ಒಂದು ಆಗಲೇ ಒಬ್ಬನನ್ನ ತಿಂದಿದೆ. ಈ ಗನ್ನು ನನಗೆ ಬೇಡ."

ಷೆಡ್ಡಿಗೆ ಹೋಗಲಿಲ್ಲ. ಬೀಗದ ಕೈ, ಮುಖವಾಡ, ತೊಗಲಿನ ಕೈಗವಸು, ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಗೇಟಿನ ಕಾವಲುಗಾರ, "ಊಟಕ್ಕಾ ಘೇವರ್‌ಜಿ?" ಎಂದ.

"ಇಲ್ಲ. ಸ್ಟೇಷನ್ನಿಗೆ."

"ಯಾವೂರಿಗೆ?"

"ನಾಲ್ಕು ಊರಿದೆ. ಯಾವುದಕ್ಕೆ ಮೊದಲು ರೈಲು ಸಿಗುತ್ತೋ."

ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಬಾಸನಿಯ ತಿರುವಿನವರೆಗೂ ಅವನು ಕಾಣುತ್ತಿದ್ದ, ನೆರಳಿನ ಬದಿಗೂ ಸರಿಯದೆ ರಸ್ತೆಯ ನಡುವೆ ನಡೆಯುತ್ತ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೂ ಸರಿಯಲಿಲ್ಲ. ಲಾರಿಯೇ ಬಳಸಿಕೊಂಡು ಹೋಯಿತು.

ನಾಲ್ಕು ದಿನ ಆಯಿತು, ಹತ್ತು ದಿನ ಆಯಿತು. ಬಾಸಾ ದಿನವೂ ಗನ್ನನ್ನು ಒರೆಸಿಡಲು ಹೇಳುತ್ತಿದ್ದರು. ಘೇವರ್ ಬರಲಿಲ್ಲ.